ಮಾರಿದ ಮೇಲೂ ಕೈಬಿಡದ ಆಟ
ಎರಡನೇ ಮಹಾಯುದ್ಧದ ಜರ್ಮನ್-ಸೋವಿಯತ್ ಕಾಳಗದ ಕಂಪ್ಯೂಟರ್ ಆಟ, ಗ್ಯಾರಿ ಗ್ರಿಗ್ಸ್‌ಬಿಯವರ ‘ವಾರ್ ಇನ್ ದಿ ಈಸ್ಟ್’ ಬಂದದ್ದು 2010ರ ಡಿಸೆಂಬರ್‌ನಲ್ಲಿ. ನಾನು ಆಗಿನಿಂದಲೂ ಆಡುತ್ತಿದ್ದೇನೆ. ಒಂದು ಸರದಿ ಅಂದರೆ ಒಂದು ವಾರ, ನಕ್ಷೆಯ ಒಂದು ಮನೆ ಅಂದರೆ 10 ಮೈಲಿ. ಇಲ್ಲಿ ಸರಬರಾಜಿಗೆ ರೈಲೇ ಜೀವ. ಸೋವಿಯತ್ ಹಳಿಯ ಅಗಲ ಜಾಸ್ತಿ ಅಲ್ವಾ? ಜರ್ಮನ್ ಕಡೆ ಆಡುವವರು ಅದನ್ನು ಜರ್ಮನ್ ಅಳತೆಗೆ ಬದಲಿಸುತ್ತಾ ಹೋಗಬೇಕು. ಮೊದಲ ಸಲ ನಾನು ಅದನ್ನು ಮರೆತೆ. ಸ್ಮೋಲೆನ್ಸ್ಕ್ ದಾಟುವಷ್ಟರಲ್ಲಿ ಟ್ಯಾಂಕುಗಳಿಗೆ ಇಂಧನವೇ ಇಲ್ಲ!

ನನ್ನ ಮನಸ್ಸು ಗೆದ್ದದ್ದು ಆಮೇಲಿನ ಕೆಲಸ. ಆಟ ಮಾಡಿದವರು ಮಾರಿ ಸುಮ್ನೆ ಕೂರಲಿಲ್ಲ. ವರ್ಷಗಟ್ಟಲೆ ಪ್ಯಾಚ್, ಅಂದರೆ ಆಟದ ತಿದ್ದುಪಡಿಗಳನ್ನು ಕೊಟ್ಟರು. ಸರಬರಾಜಿನ ಲೆಕ್ಕ ತಿದ್ದಿದರು, 1941ರ ಚಳಿಗಾಲದ ನಿಯಮಗಳನ್ನೂ ತಿದ್ದಿದರು. ಎರಡನೇ ಭಾಗ 2021ರಲ್ಲಿ ಬಂತು. ಕೈಪಿಡಿ ದಪ್ಪ ಇದೆ. ಹೊಸಬರು ಮೊದಲ ಭಾಗದ ‘ರೋಡ್ ಟು ಮಿನ್ಸ್ಕ್’ ಎಂಬ ಚಿಕ್ಕ ಸನ್ನಿವೇಶದಿಂದ ಶುರು ಮಾಡಿ.