ಮೀಟರ್ ಸುಳ್ಳು ಹೇಳಿರಲಿಲ್ಲ, ಇಂಜಿನ್‌ನಲ್ಲಿ ಆಯಿಲ್ ಮಾತ್ರ ಇರಲಿಲ್ಲ

ಕಮಲಾಪುರ ದಾಟಿ ಹುಮನಾಬಾದ್ ಕಡೆಗೆ ಹೊರಟಿದ್ದೆವು. ಒಂದು ತಿರುವಿನಲ್ಲಿ ಮೀಟರ್ ಫಲಕದ ಮೇಲೆ ಕೆಂಪಗೆ ಏನೋ ಮಿಂಚಿ ಮಾಯವಾಯಿತು. ಬಿಸಿಲು ಬಡಿದಿರಬೇಕು ಎಂದುಕೊಂಡೆ. ಮುಂದಿನ ತಿರುವಿನಲ್ಲಿ ಮತ್ತೆ ಮಿಂಚಿತು. ಈ ಸಲ ಸರಿಯಾಗಿ ಕಂಡಿತು: ಗಿಂಡಿಯ ಚಿತ್ರ, ಅದರ ಮೂತಿಯಲ್ಲಿ ಒಂದು ಹನಿ. ಗಾಡಿಯನ್ನು ತೊಗರಿ ಹೊಲದ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆ. 2023ರ ನವೆಂಬರ್, ತೊಗರಿ ಹೂವು ಬಿಟ್ಟ ಕಾಲ. ಬೀದರ್‌ನಲ್ಲಿ ಅಣ್ಣನ ಮಗಳ ನಿಶ್ಚಿತಾರ್ಥ. ಹಿಂದಿನ ಸೀಟಿನಲ್ಲಿ ಹೆಂಡತಿ, ಅತ್ತೆ, ಇಬ್ಬರ ನಡುವೆ ಹೂವಿನ ಬುಟ್ಟಿ. ಬಾನೆಟ್ ಎತ್ತಿ ಆಯಿಲ್ ಕಡ್ಡಿಯನ್ನು ಎಳೆದೆ, ಕರವಸ್ತ್ರದಿಂದ ಒರೆಸಿದೆ, ಬುಡದವರೆಗೆ ಇಳಿಸಿ ಮತ್ತೆ ಎಳೆದೆ. ಎರಡು ಗೆರೆಗಳ ನಡುವೆ ಏನೂ ಇಲ್ಲ. ಕೆಳಗಿನ ಗೆರೆಯ ಕೆಳಗೂ ಏನೂ ಇಲ್ಲ. ಮೂರನೆಯ ಸಲವೂ ಅದು ಊದಿನಕಡ್ಡಿಯಂತೆ ಒಣಒಣವಾಗಿಯೇ ಹೊರಬಂತು.

ಆ ಕಾರು ಅಲ್ಲಿಯವರೆಗೆ ಓಡಿದ್ದು 24,000 ಕಿಲೋಮೀಟರ್ ಮಾತ್ರ. ಈ ಬರಹವನ್ನು ಬರೆಯುತ್ತಿರುವುದೇ ಆ ಅಂಕಿಯ ಸಲುವಾಗಿ. ಕಲಬುರಗಿಯಲ್ಲಿ ಹಳೆಯ ಕಾರು ಹುಡುಕುವವರ ಕಿವಿಗೆ ದಿನಕ್ಕೆ ಹತ್ತು ಸಲ ಬೀಳುವ ಮಾತು ಒಂದೇ: ‘ಸಿಂಗಲ್ ಹ್ಯಾಂಡ್, ಕಮ್ ಚಲೀ ಗಾಡಿ’, ಅಂದರೆ ಒಬ್ಬರದೇ ಕೈಯಲ್ಲಿದ್ದ, ಕಡಿಮೆ ಓಡಿದ ಗಾಡಿ. ನಾನೂ ಆ ಮಾತಿಗೆ ಮರುಳಾದವನು. ನನ್ನ ವಿಷಯದಲ್ಲಿ ಮೋಸವೇನೂ ನಡೆಯಲಿಲ್ಲ ಎಂಬುದು ತಮಾಷೆಯ ಸಂಗತಿ. ಮೀಟರ್ ತಿರುಗಿಸಿರಲಿಲ್ಲ, ಮಾರಿದವರು ಸುಳ್ಳು ಹೇಳಿರಲಿಲ್ಲ. ಅಂಕಿ ಅಪ್ಪಟ ನಿಜ. ಕೈ ಕೊಟ್ಟದ್ದು ಆ ನಿಜವೇ.

2015ರ ಮಾದರಿಯ ಪೆಟ್ರೋಲ್ ಕಾರು. ನಮ್ಮ ಬಡಾವಣೆಯವರೇ ಆದ, ನಿವೃತ್ತರಾದ ಹಿರಿಯರೊಬ್ಬರಿಂದ 2023ರ ಫೆಬ್ರವರಿಯಲ್ಲಿ ಕೊಂಡೆ. ಆಗ 21,000 ಓಡಿತ್ತು. ಎಂಟು ವರ್ಷಗಳಲ್ಲಿ ಅವರು ಅದನ್ನು ಒಯ್ದದ್ದು ತರಕಾರಿ ಮಾರುಕಟ್ಟೆಗೆ, ಸೋಮವಾರಕ್ಕೊಮ್ಮೆ ಶರಣಬಸವೇಶ್ವರ ಗುಡಿಗೆ, ಬೇಸಿಗೆಯಲ್ಲಿ ಮೊಮ್ಮಗಳ ಟ್ಯೂಷನ್‌ಗೆ. ಸೀಟಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ‘ಮಗುವಿನಂತೆ ನೋಡಿಕೊಂಡಿದ್ದೇನೆ’ ಎಂದರು, ನಿಜವಾಗಿಯೂ ಹಾಗೆಯೇ ನೋಡಿಕೊಂಡಿದ್ದರು. ಸರ್ವಿಸ್ ಪುಸ್ತಕದಲ್ಲಿ ನಾಲ್ಕು ಮೊಹರುಗಳಿದ್ದವು. ಎಂಟು ವರ್ಷಕ್ಕೆ ನಾಲ್ಕು. ನಾನು ಅದನ್ನು ನೋಡಿ, ಐದು ಸಾವಿರಕ್ಕೊಮ್ಮೆ ಆಯಿಲ್ ಬದಲಿಸಿದ್ದಾರೆ, ಎಷ್ಟು ಶಿಸ್ತು ಎಂದು ಮೆಚ್ಚಿಕೊಂಡೆ! ಎರಡೆರಡು ವರ್ಷ ಒಂದೇ ಆಯಿಲ್ ಇತ್ತು ಎಂದು ಅದೇ ಪುಟವನ್ನು ಓದಬಹುದು ಎಂಬುದು ಹೊಳೆಯಲೇ ಇಲ್ಲ. ‘ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಕೈಪಿಡಿಯಲ್ಲಿ ಅಚ್ಚಾಗಿರುವ ಸಾಲಿನ ದ್ವಿತೀಯಾರ್ಧವನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ.

ರಸ್ತೆಗೆ ಮರಳುತ್ತೇನೆ. ಒಂದು ಬೈಕ್ ನಿಲ್ಲಿಸಿ ಮಗನನ್ನು ಹುಮನಾಬಾದ್‌ಗೆ ಕಳುಹಿಸಿದೆ. ಅವನು ಎರಡು ಲೀಟರ್ ಆಯಿಲ್ ಜೊತೆಗೆ ಒಬ್ಬ ಮೆಕ್ಯಾನಿಕ್‌ನನ್ನೂ ಕರೆತಂದ. ಹೈದರಾಬಾದ್–ಪುಣೆ ಹೆದ್ದಾರಿಯ ಲಾರಿಗಳ ಮೇಲೆ ಕೈ ಪಳಗಿದ ಮನುಷ್ಯ, ಮಾತು ಕಡಿಮೆ. ಮಲಗಿ ಕೆಳಗೆ ಟಾರ್ಚ್ ಬಿಟ್ಟ, ಎಲ್ಲ ಒಣಗಿತ್ತು. ಎದ್ದು ಹಿಂದಕ್ಕೆ ಬಂದು ಸೈಲೆನ್ಸರ್ ಕೊಳವೆಯೊಳಗೆ ಬೆರಳು ಹಾಕಿ ತಿರುಗಿಸಿದ. ಬೆರಳು ಹೊರಬಂದಾಗ ಕಾಡಿಗೆ ಹಚ್ಚಿದಂತಿತ್ತು. ಒಣ ಮಸಿಯಲ್ಲ, ಜಿಡ್ಡು ಜಿಡ್ಡಾದ ಕಪ್ಪು. ‘ಸೋರುತ್ತಿಲ್ಲ ಸರ್, ಕುಡಿಯುತ್ತಿದೆ’ ಎಂದ. ಅಂದರೆ ಆಯಿಲ್ ಇಂಜಿನ್ನಿನ ಒಳಗೇ ಸುಟ್ಟುಹೋಗುತ್ತಿತ್ತು.

ಮಗ ಎರಡೂ ಡಬ್ಬಿಗಳನ್ನು ಸುರಿಯಲು ಹೊರಟಿದ್ದ, ಮೆಕ್ಯಾನಿಕ್ ಕೈ ಹಿಡಿದ. ಒಂದು ಲೀಟರ್ ಹಾಕಿ, ಹತ್ತು ನಿಮಿಷ ಬಿಟ್ಟು ನೋಡಿದರೆ ಕೆಳಗಿನ ಗೆರೆಯನ್ನು ಸ್ವಲ್ಪ ದಾಟಿತ್ತು. ಇನ್ನರ್ಧ ಲೀಟರ್ ಹಾಕಿಸಿ ಸಾಕು ಎಂದ. ಮೇಲಿನ ಗೆರೆ ಮೀರಿ ತುಂಬಿದರೆ ಒಳಗಿನ ಕ್ರ್ಯಾಂಕ್ ಆಯಿಲನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಇಂಜಿನ್ನಿಗೆ ಆಸರೆಯಾಗುವುದಿಲ್ಲ. ಲೆಕ್ಕ ಹಾಕಿದರೆ, ಮೂರೂವರೆ ಲೀಟರ್ ಹಿಡಿಯುವ ಇಂಜಿನ್‌ನಲ್ಲಿ ಉಳಿದದ್ದು ಸುಮಾರು ಅರ್ಧ ಪಾಲು ಮಾತ್ರ. ತಿರುವಿನಲ್ಲಿ ಅಷ್ಟು ಆಯಿಲ್ ಒಂದು ಬದಿಗೆ ಸರಿದಾಗ ಪಂಪಿನ ಬಾಯಿಗೆ ಗಾಳಿ ಸಿಕ್ಕಿ ದೀಪ ಮಿಂಚಿತ್ತು. ಆ ಕೆಂಪು ದೀಪ ಆಯಿಲ್‌ನ ಮಟ್ಟವನ್ನು ಹೇಳುವುದಿಲ್ಲ, ಒತ್ತಡವನ್ನು ಹೇಳುತ್ತದೆ. ಅದು ಹೊತ್ತಿಕೊಂಡರೆ ‘ಮುಂದಿನ ಊರಿನಲ್ಲಿ ನೋಡೋಣ’ ಎನ್ನುವ ಹಾಗಿಲ್ಲ. ಇಂಜಿನ್ನನ್ನು ಅಲ್ಲಿಯೇ ಆರಿಸಬೇಕು. ನಾನು ಎರಡು ತಿರುವು ಓಡಿಸಿದ್ದೆ. ಇಂಜಿನ್ ಜಾಮ್ ಆಗದೆ ಉಳಿದದ್ದು ಅತ್ತೆಯವರ ಪ್ರಕಾರ ವೀರಭದ್ರೇಶ್ವರನ ದಯೆ. ನಾನು ವಾದಿಸಲು ಹೋಗಲಿಲ್ಲ.

ಕಲಬುರಗಿಗೆ ಮರಳಿದ ಮೇಲೆ ಜೂನ್‌ನಲ್ಲಿ ಆಯಿಲ್ ಬದಲಿಸಿದ್ದ ಸರ್ವಿಸ್ ಕೇಂದ್ರಕ್ಕೇ ಹೋದೆ. ಹೆಸರು ಹೇಳುವುದಿಲ್ಲ. ಮೇಜಿನ ಹಿಂದಿದ್ದ ಯುವಕ ಮೀಟರ್ ನೋಡಿದವನೇ ನಕ್ಕ. ‘ಇಷ್ಟು ಕಡಿಮೆ ಓಡಿದ ಗಾಡಿಯಲ್ಲಿ ಆಯಿಲ್ ಕಡಿಮೆಯಾಗಲು ಸಾಧ್ಯವೇ ಇಲ್ಲ ಸರ್.’ ಸಾಧ್ಯವಿಲ್ಲದ ಮೇಲೆ ಹುಡುಕುವುದೇನನ್ನು? ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಬದಲಿಸಿ 2,600 ರೂಪಾಯಿಯ ಬಿಲ್ ಕೊಟ್ಟರು. ಗ್ಯಾಸ್ಕೆಟ್ ಸೋರಿದ್ದರೆ ಇಂಜಿನ್ನಿನ ಮೈಮೇಲೆ ಧೂಳು ಮೆತ್ತಿದ ಜಿಡ್ಡು ಕಾಣಬೇಕಿತ್ತು. ನಮ್ಮೂರಿನ ಧೂಳಿಗೆ ಅದು ಕಾಣದೆ ಇರುವುದುಂಟೇ? ಎರಡನೆಯ ಸಲ ಹೋದಾಗ, ದಪ್ಪ ಆಯಿಲ್ ಹಾಕೋಣ ಎಂದರು. ಕೈಪಿಡಿ 5ಡಬ್ಲ್ಯು-30 ಎಂಬ ತೆಳು ಆಯಿಲ್ ಹೇಳುವ ಇಂಜಿನ್ನಿಗೆ 20ಡಬ್ಲ್ಯು-50 ಎಂಬ ದಪ್ಪ ಆಯಿಲ್ ಸುರಿದರೆ ಕುಡಿಯುವುದು ಸ್ವಲ್ಪ ನಿಧಾನವಾಗಬಹುದು, ರೋಗ ಮುಚ್ಚಿಹೋಗುತ್ತದೆ. ಒಪ್ಪಲಿಲ್ಲ. ಮೂರನೆಯ ಸಲ ಇಂಜಿನ್ ಇಳಿಸಬೇಕು, 62,000 ಆಗಬಹುದು ಎಂಬ ಅಂದಾಜು ಚೀಟಿ ಬಂತು. ‘ಸಾಧ್ಯವೇ ಇಲ್ಲ’ದಿಂದ ‘ಇಂಜಿನ್ ಇಳಿಸಬೇಕು’ವರೆಗಿನ ದಾರಿಯನ್ನು ಮೂರು ವಾರಗಳಲ್ಲಿ ಕ್ರಮಿಸಿದ್ದರು, ನಡುವೆ ಒಂದೇ ಒಂದು ಪರೀಕ್ಷೆಯನ್ನೂ ಮಾಡಿರಲಿಲ್ಲ.

ಹಾಗಾಗಿ ಅಳತೆಯನ್ನು ನಾನೇ ಶುರು ಮಾಡಿದೆ. ಮೇಲಿನ ಗೆರೆಯವರೆಗೆ ತುಂಬಿಸಿ ಕಿಲೋಮೀಟರ್ ಬರೆದುಕೊಂಡೆ. ಅಂಗಳದ ಶಹಾಬಾದ್ ಪರಸಿಯ ಮೇಲೆ ಅದೇ ಜಾಗ, ಅದೇ ಬೆಳಗಿನ ಹೊತ್ತು. 500 ಕಿಲೋಮೀಟರ್ ಆದಾಗ ಮತ್ತೆ ಮೇಲಿನ ಗೆರೆ ಮುಟ್ಟಿಸಲು 350 ಮಿಲಿಲೀಟರ್ ಬೇಕಾಯಿತು. ಅಂದರೆ ಸಾವಿರಕ್ಕೆ 700. ಕೆಲವು ಕಂಪನಿಗಳ ಕೈಪಿಡಿಗಳು ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್‌ವರೆಗೂ ಸಹಜ ಎಂದು ಬರೆದುಕೊಂಡು ತಮ್ಮ ಬೆನ್ನನ್ನು ಕಾಯ್ದುಕೊಂಡಿವೆ; ನನ್ನದು ಆ ಔದಾರ್ಯವನ್ನೂ ಮೀರಿತ್ತು. ಪರಸಿಯ ಮೇಲೆ ಒಂದು ಹನಿಯ ಕಲೆಯೂ ಇರಲಿಲ್ಲ. (ಕಲೆ ಇಲ್ಲ ಎಂದು ಸೋರಿಕೆ ಇಲ್ಲ ಎನ್ನಬೇಡಿ. ಇಂಜಿನ್ನಿನ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇರುವ ಕಾರುಗಳಲ್ಲಿ ಸೋರಿದ್ದೆಲ್ಲ ಅದರಲ್ಲಿಯೇ ನಿಂತಿರುತ್ತದೆ. ನಾನು ಅದನ್ನು ಬಿಚ್ಚಿಸಿ ನೋಡಿದ್ದೆ.)

ಆ ಅಂಕಿಗಳನ್ನು ಹಿಡಿದು ಕಪನೂರು ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್‌ನ ಬಳಿ ಹೋದೆ. ಅವರು ಮೀಟರ್ ನೋಡಲೇ ಇಲ್ಲ. ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ, ಒಳಮೈಯನ್ನು ನನ್ನ ಮುಖದ ಹತ್ತಿರ ಹಿಡಿದರು. ಹಾಲಿನ ಪಾತ್ರೆಯ ಅಂಚಿಗೆ ಕೆನೆ ಕಟ್ಟಿದಂತೆ ಹಳದಿ ಲೋಳೆ. ಆಯಿಲ್‌ಗೆ ನೀರಿನ ಆವಿ ಬೆರೆತರೆ ಹೀಗಾಗುತ್ತದೆ ಎಂದರು. ಆಮೇಲೆ ಹೆಬ್ಬೆರಳು ಗಾತ್ರದ ಒಂದು ಕವಾಟವನ್ನು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿದರು. ಹೊಸದಾದರೆ ಗಿಲಕಿಯಂತೆ ಟಕಟಕ ಎನ್ನಬೇಕು, ಇದು ಮೂಕವಾಗಿತ್ತು. ಅದು ಪಿಸಿವಿ ವಾಲ್ವ್, ಇಂಜಿನ್ನಿನ ಹೊಟ್ಟೆಯ ಆವಿಯನ್ನು ಹೊರಗೆಳೆಯುವ ಬಾಗಿಲು. ಬಾಗಿಲು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಆಯಿಲ್ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ.

ಎಲ್ಲದರ ಬೇರು ಹಳೆಯ ಯಜಮಾನರು ಊರೊಳಗೆ ಓಡಿಸುತ್ತಿದ್ದ ಆ ಚಿಕ್ಕ ಚಿಕ್ಕ ಓಡಾಟದಲ್ಲಿತ್ತು. ತಣ್ಣಗಿರುವ ಇಂಜಿನ್ ಚಾಲೂ ಆದಾಗ ಒಂದಿಷ್ಟು ಪೆಟ್ರೋಲ್ ಮತ್ತು ನೀರಿನ ಆವಿ ಆಯಿಲ್‌ಗೆ ಇಳಿಯುತ್ತವೆ. ದೂರ ಓಡಿದರೆ ಆಯಿಲ್ ಕಾದು ಅವು ಆವಿಯಾಗಿ ಹೋಗುತ್ತವೆ. ಗುಡಿಗೆ ಹೋಗಿ ಬರುವಷ್ಟರಲ್ಲಿ ಕಾಯುವುದಿಲ್ಲ. ಹೊರಗೆ 43 ಡಿಗ್ರಿ ಬಿಸಿಲಿದ್ದರೆ ಇಂಜಿನ್ ತಾನೇ ಕಾದಿರುತ್ತದೆ ಎಂಬುದು ನಮ್ಮೂರಿನ ಭ್ರಮೆ. ಅದರ ಮೇಲೆ ಟ್ಯೂಷನ್ ಮುಗಿಯುವವರೆಗೆ ಎಸಿ ಹಾಕಿಕೊಂಡು ನಿಂತಲ್ಲಿಯೇ ಇಂಜಿನ್ ಓಡಿಸುವುದು. ಆ ಅರ್ಧ ಗಂಟೆ ಇಂಜಿನ್ನಿನ ಲೆಕ್ಕಕ್ಕೆ ಸೇರುತ್ತದೆ, ಮೀಟರಿನ ಲೆಕ್ಕಕ್ಕೆ ಸೇರುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆಗೂ ಇದರಲ್ಲೇ ಉತ್ತರವಿತ್ತು. ಸೆಪ್ಟೆಂಬರ್‌ನಲ್ಲಿ ಒಮ್ಮೆ ಕಡ್ಡಿ ನೋಡಿದ್ದೆ, ಮಟ್ಟ ನಡುವೆ ಇತ್ತು, ಸಮಾಧಾನಪಟ್ಟಿದ್ದೆ. ಆ ಮಟ್ಟದಲ್ಲಿ ಒಂದು ಪಾಲು ಆಯಿಲ್ ಆಗಿರಲೇ ಇಲ್ಲ, ಬೆರೆತ ಪೆಟ್ರೋಲ್ ಆಗಿತ್ತು. ಮೂಗಿನ ಹತ್ತಿರ ಹಿಡಿದಿದ್ದರೆ ವಾಸನೆ ಬರುತ್ತಿತ್ತು. ದೀಪಾವಳಿಗೆ ಬೆಂಗಳೂರಿಗೆ ಹೋಗಿ ಬಂದೆವು. ಅಷ್ಟು ದೂರದ ಕಾವಿಗೆ ಪೆಟ್ರೋಲ್ ಹಾರಿಹೋಯಿತು, ಆಯಿಲ್ ಸುಟ್ಟುಹೋಯಿತು, ಮಟ್ಟ ಒಮ್ಮೆಲೇ ಕುಸಿಯಿತು. ವರ್ಷಾನುಗಟ್ಟಲೆ ಊರೊಳಗೆ ಓಡಿದ ಕಾರನ್ನು ಕೊಂಡು ಮೊದಲ ದೂರದ ಪ್ರಯಾಣಕ್ಕೆ ಹೊರಡುವವರು ಇನ್ನೂರು ಕಿಲೋಮೀಟರಿಗೊಮ್ಮೆಯಾದರೂ ನಿಂತು ಕಡ್ಡಿ ನೋಡಿ.

ನಾಲ್ಕೂ ಸಿಲಿಂಡರ್‌ಗಳಲ್ಲಿ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಏರುವ ಒತ್ತಡ, ಸರಿಯಾಗಿತ್ತು, ಆದ್ದರಿಂದ ಇಂಜಿನ್ ಇಳಿಸುವ ಮಾತೇ ಬೇಡ ಎಂದರು ಕಪನೂರಿನ ಮೆಕ್ಯಾನಿಕ್. ಪಿಸಿವಿ ವಾಲ್ವ್ ಬಿಟ್ಟರೆ ಕೆಟ್ಟದ್ದು ಎರಡು: ಪಿಸ್ಟನ್ನಿನ ಮೂರನೆಯ ಉಂಗುರ, ಅಂದರೆ ಸಿಲಿಂಡರಿನ ಗೋಡೆಯ ಆಯಿಲನ್ನು ಕೆರೆದು ಇಳಿಸುವ ಉಂಗುರ, ಮಸಿಯಲ್ಲಿ ಅಂಟಿಕೊಂಡಿತ್ತು. ಸಿಲಿಂಡರಿಗೆ ಗಾಳಿ ಬಿಟ್ಟು ಹೊಗೆ ಹೊರಹಾಕುವ ವಾಲ್ವ್‌ಗಳ ರಬ್ಬರ್ ಸೀಲುಗಳು ವಯಸ್ಸಿಗೆ ಗಟ್ಟಿಯಾಗಿದ್ದವು. ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಲ್ಲುತ್ತಿದ್ದುದು ಈ ಸೀಲುಗಳಿಂದ. ಆ ಹೊಗೆಯನ್ನು ಅಂಗಳಕ್ಕೆ ರಂಗೋಲಿ ಹಾಕುವ ಹೆಂಡತಿ ಆಗಸ್ಟ್‌ನಲ್ಲಿಯೇ ನೋಡಿ ಹೇಳಿದ್ದಳು. ‘ಕಡಿಮೆ ಓಡಿದ ಗಾಡಿ, ಹಾಗೆಲ್ಲ ಆಗುವುದಿಲ್ಲ’ ಎಂದು ನಾನು ಉತ್ತರಿಸಿದ್ದೆ. ಸರ್ವಿಸ್ ಕೇಂದ್ರದ ಯುವಕನ ಮೇಲೆ ಸಿಟ್ಟಾಗುವ ಮೊದಲು ಇದನ್ನು ನೆನಪಿಸಿಕೊಳ್ಳಬೇಕಾಗುತ್ತದೆ.

ಸೀಲುಗಳು, ಪಿಸಿವಿ ವಾಲ್ವ್, ಒಂದು ರಾತ್ರಿ ಸಿಲಿಂಡರ್‌ಗಳಲ್ಲಿ ಮಸಿ ಕರಗಿಸುವ ದ್ರವ ನಿಲ್ಲಿಸಿದ್ದು, ಎರಡು ಸಲ ಬೇಗ ಬೇಗ ಆಯಿಲ್ ಬದಲಿಸಿದ್ದು, ಎಲ್ಲ ಸೇರಿ 11,400 ರೂಪಾಯಿ. ರೋಗ ಪೂರ್ತಿ ವಾಸಿಯಾಗಿಲ್ಲ. ಈಗ ಸಾವಿರಕ್ಕೆ 150 ಮಿಲಿಲೀಟರ್ ಕುಡಿಯುತ್ತದೆ. ಮೊದಲೇ ಮುಚ್ಚಳ ಬಿಚ್ಚಿ, ತಣ್ಣನೆಯ ಇಂಜಿನ್ನನ್ನು ನನ್ನ ಎದುರಿಗೇ ಚಾಲೂ ಮಾಡಿಸಿ, ಸರ್ವಿಸ್ ಪುಸ್ತಕದ ದಿನಾಂಕಗಳನ್ನು ಓದಿದ್ದರೆ ಬೆಲೆಯಲ್ಲಿ ಇಷ್ಟನ್ನು ಕಳೆದೇ ಕೊಡುತ್ತಿದ್ದೆ. ಮಾರುವವರು ಗಾಡಿಯನ್ನು ‘ನಿಮಗಾಗಿ’ ಬಿಸಿ ಮಾಡಿಟ್ಟಿದ್ದರೆ, ಮರುದಿನ ಬೆಳಿಗ್ಗೆ ಬರುತ್ತೇನೆ ಎಂದು ಹೇಳಿ ಎದ್ದು ಬನ್ನಿ.

ಈಗ ತಿಂಗಳಿಗೆರಡು ಸಲ ಸೊಲ್ಲಾಪುರವೋ ಬೀದರೋ ನೆಪ ಮಾಡಿಕೊಂಡು ನೂರು ಕಿಲೋಮೀಟರ್ ಓಡಿಸುತ್ತೇನೆ. ಮೊನ್ನೆ ಗುಡಿಯ ಹೊರಗೆ ಕಾರಿನ ಹಳೆಯ ಯಜಮಾನರು ಸಿಕ್ಕಿದರು. ಬಾನೆಟ್ ಸವರಿ, ಗಾಜಿನಿಂದ ಮೀಟರ್ ಇಣುಕಿ ನೋಡಲು ಯತ್ನಿಸಿ, ಎಷ್ಟಾಯಿತು ಎಂದು ಕೇಳಿದರು. ಮೂವತ್ತೊಂದು ಸಾವಿರ ಎಂದೆ. ಅವರ ಮುಖ ಸಣ್ಣದಾಯಿತು. ‘ಅಯ್ಯೋ, ಅಷ್ಟೊಂದು ಓಡಿಸಿಬಿಟ್ಟಿರಾ?’ ಎಂದರು.