ಸಿಡ್‌ಮತ್ ಜನಪದ ಉತ್ಸವ: ಒಂದೇ ದಿನಕ್ಕೆ ಹೋಗುವವರಿಗೆ

ಇಂಗ್ಲೆಂಡಿನ ಡೆವನ್ ಕೌಂಟಿಯ ಪುಟ್ಟ ಕಡಲೂರು ಸಿಡ್‌ಮತ್‌ನಲ್ಲಿ ಪ್ರತಿವರ್ಷ ಆಗಸ್ಟ್ ಆರಂಭದ ಹೊತ್ತಿಗೆ, ಶುಕ್ರವಾರದಿಂದ ಶುಕ್ರವಾರದವರೆಗೆ ನಡೆಯುವ ಜನಪದ ಉತ್ಸವಕ್ಕೆ ಒಂದು ದಿನದ ಮಟ್ಟಿಗೆ ಹೋಗಿಬಂದರೆ ಸಾರ್ಥಕವಾದೀತೇ ಎಂದು ಇಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಕೇಳುತ್ತಿರುತ್ತಾರೆ. ಖಂಡಿತ ಸಾರ್ಥಕವಾಗುತ್ತದೆ, ಆದರೆ ಆ ಒಂದು ದಿನ ಕೊನೆಯ ಶುಕ್ರವಾರವೇ ಆಗಿರಲಿ, ಮತ್ತು ಡೇರೆಯೊಳಗಿನ ಸಂಗೀತ ಕಛೇರಿಗೆ ಟಿಕೆಟ್ ಕೊಳ್ಳುವ ಮುನ್ನ ಅರ್ಧ ದಿನವನ್ನಾದರೂ ಬೀದಿಗೆ ಮೀಸಲಿಡಿ ಎಂಬುದು ನನ್ನ ಸಲಹೆ.

ಸಿಡ್‌ಮತ್‌ಗೆ ಬರುತ್ತಿದ್ದ ರೈಲು 1967ರಲ್ಲೇ ನಿಂತುಹೋಗಿರುವುದರಿಂದ ಎಕ್ಸೆಟರ್ ನಗರದಲ್ಲಿ ಇಳಿದು, ಅಲ್ಲಿಂದ ಸುಮಾರು 15 ಮೈಲಿಯನ್ನು ಬಸ್ಸಿನಲ್ಲಿ ಸಾಗಬೇಕು. ಕಾರಿನಲ್ಲಿ ಬರುವವರಿಗೆ ಇಕ್ಕಟ್ಟಾದ ಬೀದಿಗಳಲ್ಲಿ ಜಾಗ ಹುಡುಕುವುದರಲ್ಲೇ ಬೆಳಗು ಕಳೆದುಹೋಗುತ್ತದೆ. ಊರು ತಲುಪಿದ ಮೇಲೆ ನಕ್ಷೆಯ ಅಗತ್ಯವೇ ಬೀಳುವುದಿಲ್ಲ. ಎಲ್ಲ ದಾರಿಗಳೂ ಎಸ್ಪ್ಲನೇಡ್ ಎಂಬ ಕಡಲಬದಿಯ ರಸ್ತೆಗೆ ಇಳಿಯುತ್ತವೆ. ಅದರ ಒಂದು ಬದಿಗೆ ಇನ್ನೂರು ವರ್ಷಗಳ ಹಿಂದಿನ ಶೈಲಿಯ ಬಿಳಿಗೋಡೆಯ ಮನೆಗಳು ಮತ್ತು ಹೋಟೆಲುಗಳು, ಇನ್ನೊಂದು ಬದಿಗೆ ಬೆಣಚುಕಲ್ಲಿನ ದಂಡೆ, ಎರಡೂ ತುದಿಗೆ ನಮ್ಮ ಕರಾವಳಿಯ ಜಂಬಿಟ್ಟಿಗೆಯನ್ನೇ ನೆನಪಿಸುವಷ್ಟು ಕೆಂಪಾದ ಕಡಿದಾದ ಬಂಡೆಗಳು. ಬರಿಗಾಲಿನಲ್ಲಿ ಮರಳ ಮೇಲೆ ಓಡಾಡುವ ಆಸೆ ಇಟ್ಟುಕೊಂಡು ಬರಬೇಡಿ. ಗಟ್ಟಿ ಅಟ್ಟೆಯ ಚಪ್ಪಲಿ ತನ್ನಿ.

ಈ ಉತ್ಸವವನ್ನು 1955ರಲ್ಲಿ ಆರಂಭಿಸಿದ್ದು ಇಂಗ್ಲಿಷ್ ಜನಪದ ನೃತ್ಯ ಮತ್ತು ಗೀತ ಸಂಘ. ಮುಂದೆ ಅದು ಬೇರೆ ಬೇರೆ ದೇಶಗಳ ತಂಡಗಳನ್ನು ಕರೆಸುವ ಅಂತರರಾಷ್ಟ್ರೀಯ ಮೇಳವಾಗಿ ಬೆಳೆಯಿತು. 2004ರ ನಂತರ ಆ ದೊಡ್ಡ ರೂಪ ನಿಂತುಹೋದಾಗ, ಉತ್ಸವವನ್ನು ಪ್ರೀತಿಸುತ್ತಿದ್ದವರೇ ಮರುವರ್ಷ ಅದನ್ನು ಚಿಕ್ಕದಾಗಿ ಮತ್ತೆ ಕಟ್ಟಿ ನಿಲ್ಲಿಸಿದರು. ಇಂದು ಹೆಸರಾಂತ ಗಾಯಕರ ಕಛೇರಿಗಳು ಡೇರೆಗಳಲ್ಲಿ ಟಿಕೆಟ್ ಮೇಲೆ ನಡೆಯುತ್ತವೆ. ಕುಣಿತವಂತೂ ಬಹುಮಟ್ಟಿಗೆ ಬೀದಿಯಲ್ಲೇ, ಯಾರು ಬೇಕಾದರೂ ನಿಂತು ನೋಡುವಂತೆ ನಡೆಯುತ್ತದೆ.

ನಾವು ಬಸ್ಸಿನಿಂದ ಇಳಿದು ಕಡಲಿನತ್ತ ನಡೆಯುತ್ತಿದ್ದಾಗ ಅಲೆಗಳ ಸದ್ದಿಗಿಂತ ಮೊದಲು ಕಿವಿಗೆ ಬಿದ್ದದ್ದು ಗೆಜ್ಜೆಯ ಸದ್ದು. ಮಾರಿಸ್ ಎಂಬ ಕುಣಿತದವರು ಗೆಜ್ಜೆಯನ್ನು ನಮ್ಮವರಂತೆ ಪಾದದ ಗಂಟಿಗಲ್ಲದೆ ಮೊಣಕಾಲಿನ ಕೆಳಗೆ ಪಟ್ಟಿಯಾಗಿ ಕಟ್ಟಿಕೊಳ್ಳುತ್ತಾರೆ. ಒಂದು ತಂಡ ಎರಡೂ ಕೈಗಳಲ್ಲಿ ಬಿಳಿ ಕರವಸ್ತ್ರ ಬೀಸುತ್ತ ಹಗುರವಾಗಿ ನೆಗೆಯುತ್ತಿದ್ದರೆ, ಅದರಾಚೆ ಚಿಂದಿಬಟ್ಟೆಗಳನ್ನೇ ಅಂಗಿಯಾಗಿ ಹೊಲಿದು ತೊಟ್ಟ ಇನ್ನೊಂದು ತಂಡ ದಪ್ಪ ದೊಣ್ಣೆಗಳನ್ನು ಒಂದಕ್ಕೊಂದು ತಾಗಿಸುತ್ತಿತ್ತು. ಕೋಲಾಟದ ಕೋಲು ನುಡಿಯುವ ಪರಿಯೇ ಬೇರೆ. ಇಲ್ಲಿನ ದೊಣ್ಣೆಯ ಪೆಟ್ಟು ಎದೆಗೆ ತಾಗುತ್ತದೆ. ಹೂವು, ಗರಿಗಳಿಂದ ತುಂಬಿದ ಅವರ ಟೋಪಿಗಳನ್ನು ಕಂಡಾಗ ಉತ್ತರ ಕನ್ನಡದ ಸುಗ್ಗಿ ಕುಣಿತದ ತುರಾಯಿ ನನ್ನ ಕಣ್ಣ ಮುಂದೆ ಬಂತು.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ರ‍್ಯಾಪರ್ ಎಂಬ ಕತ್ತಿಕುಣಿತ. ಈಶಾನ್ಯ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಮತ್ತು ಡರಮ್‌ನ ಕಲ್ಲಿದ್ದಲು ಗಣಿಯೂರುಗಳಲ್ಲಿ ಬೆಳೆದ ಈ ಕುಣಿತದಲ್ಲಿ ಐವರು, ಎರಡೂ ತುದಿಗೆ ಹಿಡಿಯಿರುವ, ಬಾಗುವ ಉಕ್ಕಿನ ಪಟ್ಟಿಗಳನ್ನು ಹಿಡಿದು ಒಬ್ಬರಿಗೊಬ್ಬರು ಸರಪಳಿಯಾಗುತ್ತಾರೆ. ಹಿಡಿತ ಬಿಡದೆಯೇ ಒಬ್ಬರ ತೋಳಿನಡಿ ಇನ್ನೊಬ್ಬರು ನುಸುಳಿ, ತಿರುಗಿ, ಕೊನೆಗೆ ಐದೂ ಪಟ್ಟಿಗಳನ್ನು ನಕ್ಷತ್ರದಂತೆ ಹೆಣೆದು ಒಂದೇ ಕೈಯಲ್ಲಿ ಮೇಲಕ್ಕೆತ್ತುತ್ತಾರೆ. ಅದು ಮುಗಿದ ಮೇಲೆ ಬೆವರೊರೆಸಿಕೊಳ್ಳುತ್ತಿದ್ದ ಒಬ್ಬ ಮಹಿಳೆಯನ್ನು ಮಾತನಾಡಿಸಿದೆ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ; ಚಳಿಗಾಲವಿಡೀ ವಾರಕ್ಕೊಂದು ಸಂಜೆ ಅಭ್ಯಾಸ ಮಾಡುತ್ತಾರಂತೆ, ಸಂಭಾವನೆಯ ಪ್ರಶ್ನೆಯೇ ಇಲ್ಲವಂತೆ. ಹಗಲೆಲ್ಲ ದುಡಿದು ಸಂಜೆ ಕುಣಿತ ಕಲಿಯುವ ನಮ್ಮ ಹವ್ಯಾಸಿ ಯಕ್ಷಗಾನ ತಂಡಗಳನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಈ ಉತ್ಸವದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅಲ್ಲಿಯೇ.

ನೋಡುವುದಷ್ಟೇ ಅಲ್ಲದೆ ಕೇಲಿ ಎಂಬ ಸಾಮೂಹಿಕ ಕುಣಿತಕ್ಕೂ ಇಳಿಯಿರಿ. ಅಲ್ಲಿ ಹೆಜ್ಜೆ ಬಾರದವರಿಗೆಂದೇ ಒಬ್ಬರು ವೇದಿಕೆಯ ಮೇಲೆ ನಿಂತು ಮುಂದಿನ ಚಲನೆಯನ್ನು ಕೂಗಿ ಹೇಳುತ್ತಿರುತ್ತಾರೆ. ನನ್ನ ಎಪ್ಪತ್ತರ ಅತ್ತೆ ಮೊದಲು ಹಿಂಜರಿದರೂ, ಅಪರಿಚಿತ ಅಜ್ಜಿಯೊಬ್ಬರು ಕೈಚಾಚಿದಾಗ ಎದ್ದುಹೋಗಿ ಪೂರ್ತಿ ಎರಡು ಸುತ್ತು ಕುಣಿದು ಬಂದರು.

ಊಟದ ಮಾತು ಸ್ವಲ್ಪವೇ ಸಾಕು. ಸಸ್ಯಾಹಾರಿಗಳಿಗೆ ಡೆವನ್‌ನ ಕ್ರೀಮ್ ಟೀ ಸುಲಭದ ಆಯ್ಕೆ: ಚಹಾದ ಜೊತೆಗೆ, ಸ್ಕೋನ್ ಎಂಬ ಪುಟ್ಟ ಬಿಸಿ ಬನ್ನಿನ ಮೇಲೆ ಇಲ್ಲಿನ ಕ್ರಮದಂತೆ ಮೊದಲು ಗಟ್ಟಿ ಕೆನೆ, ಆಮೇಲೆ ಜಾಮ್. ನಾವು ಮಧ್ಯಾಹ್ನ ಒಂದು ಗಾಡಿಯಲ್ಲಿ ಕೊಂಡ ತರಕಾರಿ ಪೈ ಒಳಗೆ ತಣ್ಣಗೇ ಇತ್ತು, ಅದಕ್ಕಾಗಿ ಮುಕ್ಕಾಲು ಗಂಟೆ ಕಾದಿದ್ದೆವು. ಮಕ್ಕಳಿದ್ದವರು ಬುತ್ತಿ ತರುವುದೇ ಲೇಸು. ದಂಡೆಯ ಮೇಲೆ ತಿನ್ನುವಾಗ ಕಡಲಹಕ್ಕಿಗಳಿಂದ ಪೊಟ್ಟಣವನ್ನು ಕಾಪಾಡಿಕೊಳ್ಳಬೇಕು.

ಕೊನೆಯ ಶುಕ್ರವಾರವೇ ಆಗಲಿ ಎಂದದ್ದು ದೀವಟಿಗೆ ಮೆರವಣಿಗೆಗಾಗಿ. ಕತ್ತಲಾದ ಮೇಲೆ ವಾರವಿಡೀ ಕುಣಿದ ತಂಡಗಳು ಉರಿಯುವ ದೀವಟಿಗೆ ಹಿಡಿದು, ವಾದ್ಯ ನುಡಿಸುತ್ತ ಎಸ್ಪ್ಲನೇಡಿನುದ್ದಕ್ಕೂ ಸಾಗುತ್ತವೆ. ನೂರಾರು ಗೆಜ್ಜೆಗಳ ಸದ್ದು ಕತ್ತಲಲ್ಲಿ ಹತ್ತಿರವಾಗುತ್ತ ಬಂದಾಗ, ನಮ್ಮ ಮುಂದೆ ಕುಳಿತಿದ್ದ ಮಕ್ಕಳು ತಾವಾಗಿಯೇ ಎದ್ದು ನಿಂತರು. ಆ ರಾತ್ರಿ ಎಕ್ಸೆಟರ್‌ಗೆ ಮರಳುವ ಬಸ್ಸಿನ ವೇಳೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಸಾಧ್ಯವಾದರೆ ತಿಂಗಳುಗಳ ಮುಂಚೆಯೇ ಊರಲ್ಲೊಂದು ಕೋಣೆ ಕಾದಿರಿಸಿ. ನಾವು ಹಾಗೆ ಮಾಡಿರಲಿಲ್ಲ, ಆದ್ದರಿಂದ ಮೆರವಣಿಗೆಯ ಕೊನೆಯ ದೀವಟಿಗೆ ದಾಟುವ ಮೊದಲೇ ನಿಲ್ದಾಣಕ್ಕೆ ಹೊರಡಬೇಕಾಯಿತು.