ಸರಸ್ವತಿಪುರಂನ ಸಂವಿಧಾನ ಕ್ಲಾಸ್: ಪಾಠಕ್ಕೆ ಫುಲ್ ಮಾರ್ಕ್ಸ್, ನೋಟ್ಸ್‌ಗೆ ಸೊನ್ನೆ

ಕೆಎಎಸ್, ಪಿಡಿಒಗೆ ಓದುವ ಗೆಳತಿಯರು ಈ ಕ್ಲಾಸ್ ಹೇಗಿದೆ ಅಂತ ಕೇಳುತ್ತಲೇ ಇರುತ್ತಾರೆ. ನಾನು ಮಂಡ್ಯದ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಭಾನುವಾರ ಬೆಳಗಿನ ಟ್ರೈನ್ ಹಿಡಿದು ಮೈಸೂರಿಗೆ ಹೋಗುತ್ತೇನೆ. ಫೀಸು 4,000 ರೂಪಾಯಿ. ಪಾಠಕ್ಕಾದರೆ ಕೊಡಬಹುದು.

ಸರ್ ಮೊದಲು ವಕೀಲರಾಗಿದ್ದವರು. ವಿಧಿಗಳನ್ನು ಉರು ಹೊಡೆಸುವುದಿಲ್ಲ, ಕೇಸ್ ಹಿಡಿದು ಹೇಳುತ್ತಾರೆ. ಒಂದು ವಾರ ಕೇಳಿದರು: "ಬೇರೆ ರಾಜ್ಯದವರು ಅಂತ ಸರ್ಕಾರ ಭೇದ ಮಾಡಬಹುದಾ?" ಇಡೀ ಕ್ಲಾಸು "ಮಾಡಂಗಿಲ್ಲ ಸಾರ್" ಅಂದಿತು. ಅವರು 1955ರ ಡಿ.ಪಿ. ಜೋಶಿ ಕೇಸ್ ತೆಗೆದರು. ಇಂದೋರ್‌ನ ಮೆಡಿಕಲ್ ಕಾಲೇಜಿನಲ್ಲಿ ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕ ಇರಲಿಲ್ಲ, ಹೊರಗಿನವರಿಗೆ ಇತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು! 15ನೇ ವಿಧಿ ತಡೆಯುವುದು ಹುಟ್ಟಿದ ಸ್ಥಳ ನೋಡಿ ಮಾಡುವ ಭೇದವನ್ನು. ವಾಸದ ಮಾತು ಅಲ್ಲಿಲ್ಲ. 16(2)ರಲ್ಲಿ ವಾಸವೂ ಇದೆ, ಆದರೆ ಅದು ಸರ್ಕಾರಿ ಕೆಲಸದ ಮಾತು. ಅಲ್ಲಿ ವಾಸದ ಷರತ್ತು ಹಾಕಬೇಕೆಂದರೆ 16(3)ರ ಪ್ರಕಾರ ಪಾರ್ಲಿಮೆಂಟೇ ಕಾನೂನು ಮಾಡಬೇಕು, ವಿಧಾನಸಭೆಗೆ ಆ ಅಧಿಕಾರ ಇಲ್ಲ. ನನ್ನ ಹತ್ತಿರ ಇರುವ ದಪ್ಪ ಗೈಡ್ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ.

ಹಾಗಂತ ವಾಸದ ಹೆಸರಲ್ಲಿ ಎಲ್ಲವೂ ನಡೆಯುವುದಿಲ್ಲ. ಪಿಜಿ ಮೆಡಿಕಲ್ ಸೀಟಿಗೆ ವಾಸದ ಮೀಸಲಾತಿ ಸಲ್ಲದು ಎಂದು 2025ರ ಜನವರಿಯಲ್ಲಿ ಅದೇ ಕೋರ್ಟ್ ಹೇಳಿತು.

ಆಮೇಲೆ ಸರ್ ಅಮೆರಿಕಕ್ಕೆ ಹಾರಿದರು. ಸೌತ್ ಕ್ಯಾರೊಲಿನಾದಲ್ಲಿ ಸಿಗಡಿ ಹಿಡಿಯುವ ದೋಣಿಗೆ ಅಲ್ಲಿನವರಿಗೆ 25 ಡಾಲರ್ ಲೈಸೆನ್ಸ್, ಹೊರಗಿನವರಿಗೆ 2,500. ಅಲ್ಲಿನ ಸುಪ್ರೀಂ ಕೋರ್ಟ್ 1948ರಲ್ಲಿ ಅದಕ್ಕೆ ಕತ್ತರಿ ಹಾಕಿತು. ಆದರೆ ಮೊಂಟಾನಾದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಗಿನವರು ಜಾಸ್ತಿ ಕಟ್ಟಬೇಕೆಂಬುದನ್ನು 1978ರಲ್ಲಿ ಸರಿ ಅಂದಿತು. ಮೀನು ಹಿಡಿಯುವುದು ಹೊಟ್ಟೆಪಾಡು, ಬೇಟೆ ಶೋಕಿ! ಪರೀಕ್ಷೆಗೆ ಬರಲ್ಲ ಅಂತ ಹಿಂದಿನ ಬೆಂಚು ಗೊಣಗಿತು. ನನಗಂತೂ ಇದರಿಂದಲೇ ವಿಷಯ ತಲೆಗೆ ಹತ್ತಿತು.

2024ರ ಜುಲೈನಲ್ಲಿ ನಮ್ಮ ಸರ್ಕಾರ ತರಲು ಹೊರಟು ತಡೆಹಿಡಿದ, ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯ ಮಾತು ಬಂದಾಗ ಕ್ಲಾಸು ಸಂತೆಯಾಯಿತು. "ನಮ್ಮ ಹುಡುಗರು ಎಲ್ಲಿಗೆ ಹೋಗಬೇಕು ಸಾರ್?" ಅಂತ ಒಬ್ಬ ಎದ್ದೇ ನಿಂತ. ಹರಿಯಾಣದ ಇಂಥದ್ದೇ 75 ಶೇಕಡ ಮೀಸಲಾತಿ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದು ಮಾಡಿದ್ದನ್ನು ಸರ್ ಹೇಳಿದರು. ತಮ್ಮ ಪಕ್ಷ ಯಾವುದು ಅಂತ ಬಾಯಿ ಬಿಡಲಿಲ್ಲ. ಅದು ನನಗೆ ಹಿಡಿಸಿತು.

ಇನ್ನು ತೊಂದರೆಗಳು. ನೋಟ್ಸ್ ಅಂತ ಕೊಡುವುದು ಜೆರಾಕ್ಸಿನ ಜೆರಾಕ್ಸು, ಅಂಚಿನ ಸಾಲುಗಳು ಮಾಯ. ಮೈಕು ಕೀರಲು. ಮಾದರಿ ಪರೀಕ್ಷೆ ಮಾಡುತ್ತೇವೆ ಅಂತ ಸೇರುವಾಗ ಹೇಳಿದ್ದರು, ಇನ್ನೂ ಸುದ್ದಿಯಿಲ್ಲ.

ಸೇರುವವರು ಭಾನುವಾರದ ಬ್ಯಾಚನ್ನೇ ಕೇಳಿ. ಶನಿವಾರದ್ದನ್ನು ಬೇರೆಯವರು ತೆಗೆದುಕೊಳ್ಳುತ್ತಾರೆ. ದುಡ್ಡು ಕಟ್ಟುವ ಮೊದಲು ಒಂದು ಕ್ಲಾಸಿನಲ್ಲಿ ಸುಮ್ನೆ ಕೂರಲು ಬಿಡುತ್ತಾರೆ.